ಪಾತಮ್ಮನ ಮನೆಯೊಳಗಿನ ಹೆಸರು

ಕೀಂ, ಕೀಂ — ಯುಪಿಎಸ್ ಕೂಗುತ್ತಿದೆ, ಕರೆಂಟು ಹೋದದ್ದು ನನಗಿಂತ ಮೊದಲು ಅದಕ್ಕೇ ಗೊತ್ತಾಗುತ್ತದೆ, ಕೂಗಲಿ ಬಿಡು, ಬ್ಯಾಟರಿಗೆ ನೀರು ಬಿಡುವವನು ಇವತ್ತು ಬರುತ್ತಾನಲ್ಲ, ಬುಧವಾರ, ಮೊಳಕಾಲ್ಮುರು ಬಸ್ಸು ಇಷ್ಟೊತ್ತಿಗೆ ಚಳ್ಳಕೆರೆ ಸ್ಟ್ಯಾಂಡು ಮುಟ್ಟಿರಬೇಕು, ಇಳಿದು, ಎಣ್ಣೆಮಿಲ್ಲಿನ ಹಿಂಡಿ ವಾಸನೆ ದಾಟಿ ನಮ್ಮ ಕಂಪ್ಯೂಟರ್ ಸೆಂಟರಿನ ಮೆಟ್ಟಿಲು ಹತ್ತಬೇಕು, ಬೀಡಾ ಇಲ್ಲ, ಗುಟ್ಕಾ ಇಲ್ಲ, ಪುಣ್ಯಾತ್ಮನಿಗೆ ಶೇಂಗಾ ಒಂದೇ ಚಟ, ಜೇಬಿನಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾನೆ, ಒಳಗೆ ಗಲಗಲ ಅಂದರೆ ಮಾತ್ರ ಒಡೆಯುವುದು — ಯಾಕ್ರೀ ಹಂಗೆ ಅಲ್ಲಾಡಿಸ್ತೀರಾ ಅಂತ ಒಮ್ಮೆ ಕೇಳಿದೆ, ಜೊಳ್ಳೋ ಗಟ್ಟಿಯೋ ಒಡೆಯೋಕೆ ಮುಂಚೆ ಗೊತ್ತಾಗಬೇಕಲ್ರೀ ಮೇಡಂ ಅಂದ, ಮೇಡಂ ಅಂತೆ, ಮುಖ ನೋಡು, ಕೊಂಡ್ಲಹಳ್ಳಿ ಹಟ್ಟಿಯ ಓಬಳೇಶ ನನ್ನನ್ನು ಮೇಡಂ ಅನ್ನುತ್ತಾನೆ, ಸೆಂಟರಿನ ಹುಡುಗಿಯರೆಲ್ಲ ಅವನನ್ನು ಓಬಳೇಶಣ್ಣ ಅನ್ನುತ್ತಾರೆ, ನನ್ನ ನಾಲಿಗೆಗೆ ಮಾತ್ರ ಆ ಅಣ್ಣ ಹತ್ತುವುದಿಲ್ಲ, ಏನ್ರೀ, ಬನ್ರೀ, ಕೂತ್ಕೊಳ್ರೀ ಅಂತ ಇಷ್ಟು ತಿಂಗಳು ರೀ ಹಾಕಿಯೇ ಕಾಲ ತಳ್ಳಿದ್ದೇನೆ, ಮತ್ತೆ ಈಗ ನೋಡಿದರೆ ಪರದೆಯ ಮೇಲೆ, ಹಸಿರು ಅಕ್ಷರದಲ್ಲಿ, ಒಂದೇ ಬೆಡಗು, ಕೂಡದು. ಕೂಡದು ಅಂತ ಬರೆದವಳೂ ನಾನೇ. ಮಾಡಿದ್ದುಣ್ಣೋ ಮಹಾರಾಯ.

ಅಳು ಬರುತ್ತಿದೆಯಾ, ಇಲ್ಲ, ಸಿಟ್ಟು ಬರುತ್ತಿದೆ, ಅದೂ ಕಂಪ್ಯೂಟರಿನ ಮೇಲೆ, ಬೆಡಗು ಅಂದರೆ ನಮ್ಮ ಕುಲದೊಳಗಿನ ಬಳಿ, ಒಂದೇ ಬೆಡಗಿನವರು ಅಂದರೆ ಅಣ್ಣ ತಂಗಿ, ಮುಗಿಯಿತು, ಅದರ ಮೇಲೆ ಅಪೀಲಿಲ್ಲ — ಬೆಡಗು ಕೇಳ್ದೆ ಯಾರ ಜೊತೆಗೂ ನಗಬ್ಯಾಡ ಕಣೆ ರೂಪ, ಅವ್ವ ತಲೆ ಬಾಚುವಾಗಲೆಲ್ಲ ಹೇಳುತ್ತಾಳೆ, ಆದರೆ ಹೆಣ್ಣುಹುಡುಗಿ ಹೋಗಿ ನಿಮ್ದು ಯಾವ ಬೆಡಗು ಅಂತ ಕೇಳಿದರೆ ನನ್ನ ಮದುವೆ ಆಗ್ತೀಯಾ ಅಂತ ಕೇಳಿದ ಹಾಗೇ ಅಲ್ಲವಾ, ಅದಕ್ಕೇ ಕೇಳಲಿಲ್ಲ, ನಕ್ಕುಬಿಟ್ಟೆ, ಅಷ್ಟರಲ್ಲಿ ನಮ್ಮ ಜನಾಂಗದ ಸಂಘದವರೇ ಈ ಕೆಲಸ ತಂದುಕೊಟ್ಟರು, ಹಟ್ಟಿಹಟ್ಟಿಯ ಮನೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಬೇಕು, ಎರಡು ಹೆಸರು ಕೊಟ್ಟರೆ ಸಂಬಂಧ ಕೂಡುತ್ತದೋ ಇಲ್ಲವೋ ಹೇಳಬೇಕು, ಸುಮ್ಮನೆ ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು, ಆಮೇಲೆ ಬೆಡಗು ಒಂದೇ ಅಂತ ಕೈತೊಳೆದು ಬರುವುದು ತಪ್ಪಬೇಕು. ಸಂಘದ ಹಿರಿಯ ಮೂಡಲಗಿರಿಯಪ್ಪ ಪಕ್ಕದಲ್ಲಿ ಕೂತು ಬಾಯಿಪಾಠ ಒಪ್ಪಿಸಿದರು, ನಾನು ಟೈಪು ಮಾಡಿದೆ, ಎಕ್ಸ್‌ಎಂಎಲ್ ಕಲಿತಿದ್ದು ಸಾರ್ಥಕವಾಯಿತು, ಹಟ್ಟಿಯೊಳಗೆ ಬೆಡಗು, ಬೆಡಗಿನೊಳಗೆ ಮನೆ, ಮನೆಯೊಳಗೆ ಜನ, ಡಬ್ಬಿಯೊಳಗೆ ಡಬ್ಬಿ ಇಟ್ಟ ಹಾಗೆ, ಎಷ್ಟು ಚೆಂದ, ಎರಡು ಓರೆಗೆರೆ ಹಾಕಿ ಹೆಸರು ಕೊಟ್ಟರೆ ಎಷ್ಟೇ ಆಳದಲ್ಲಿ ಅಡಗಿದ್ದರೂ ಹುಡುಕಿಕೊಡುತ್ತದೆ, ಎರಡು ಚುಕ್ಕಿ ಇಟ್ಟರೆ ಒಂದು ಡಬ್ಬಿ ಮೇಲಕ್ಕೆ ಹತ್ತುತ್ತದೆ, ಜನದಿಂದ ಮನೆಗೆ, ಮನೆಯಿಂದ ಬೆಡಗಿಗೆ, ಅಲ್ಲಿ ಬೆಡಗಿನ ಹೆಸರು ಓದಿಕೊಂಡು ಬಾ, ಕಂಪ್ಯೂಟರಿಗೆ ನಾನು ಬರೆದ ಪ್ರಶ್ನೆ ಅಷ್ಟೇ. ಮಧ್ಯಾಹ್ನ ಹಿರಿಯರೆಲ್ಲ ನೋಡಲು ಬರುತ್ತಾರೆ, ಅದಕ್ಕೆ ಮುಂಚೆ ಒಂದು ಸಲ ಪರೀಕ್ಷೆ ಮಾಡಿಬಿಡೋಣ ಅಂತ ಕೈಗೆ ಬಂದ ಎರಡು ಹೆಸರು ಹಾಕಿದೆ — ಕೈಗೆ ಬಂದ ಅಂತೆ, ಕಳ್ಳಿ, ರೂಪ ಮತ್ತು ಓಬಳೇಶ, ಅವೇ ಎರಡು ಕೈಗೆ ಬಂದವಾ.

ಕೀಂ ಕೀಂ ಕೀಂ, ಇದರ ಕೂಗು ಬಿರುಸಾಯಿತು, ಮೊದಲು ಸೇವ್ ಮಾಡು, ಮಾಡಿದೆ, ಈಗ ಸಮಾಧಾನವಾಗಿ ನೋಡು ರೂಪ, ಪ್ರಶ್ನೆ ಎಲ್ಲಿ ಹತ್ತಿತು, ಓಬಳೇಶ, ಅವನ ಮೇಲೆ ಪಾತಮ್ಮನ ಮನೆ, ಅದರ ಮೇಲೆ ಹಾಲ್ಗಡಿಗೆಯವರ ಬೆಡಗು, ನಮ್ಮದೂ ಅದೇ ಹಾಲ್ಗಡಿಗೆ, ಸರಿಯಾಗಿಯೇ ಹತ್ತಿದೆ, ಎಡವಿಲ್ಲ — ಪಾತಮ್ಮನ ಮನೆ? ಎಲ್ಲಾ ಮನೆಗೂ ಗಂಡಸರ ಹೆಸರು, ಕ್ಯಾತಪ್ಪನ ಮನೆ, ಯರ್ರಪ್ಪನ ಮನೆ, ಇದೊಂದು ಯಾಕೆ ಪಾತಮ್ಮನ ಮನೆ, ಅವತ್ತು ಮೂಡಲಗಿರಿಯಪ್ಪ ಹೇಳಿದ ಹಾಗೇ ಹೊಡೆದಿದ್ದೆ, ಪಾತಮ್ಮ, ಅವಳ ಗಂಡ ಪಾಲಣ್ಣ, ಮಗ ಓಬಳೇಶ, ಬರಿ ಬರಿ ಮುಂದಿಂದು ಬರಿ ಅಂದಿದ್ದರು, ಮತ್ತೆ ಪ್ರತಿ ಸೊಸೆಯ ಹೆಸರಿಗೂ ತವರಿನ ಬೆಡಗು ಬೇರೆ ಅಂಟಿಸಿದ್ದೇನೆ, ಸೊಸೆ ಹೊರಗಿನಿಂದ ಬಂದವಳಲ್ಲವಾ, ಪಾತಮ್ಮನಿಗೆ ಮಾತ್ರ ಅಂಟಿಸಿಲ್ಲ, ಹಾಗಾದರೆ ಅವಳ ಬೆಡಗೂ ಮೇಲಿನದೇ, ಗಂಡನದೂ ಮೇಲಿನದೇ — ಬೆರಳು ತಾನಾಗಿಯೇ ಓಡಿತು, ಎರಡು ಹೆಸರು, ಪಾತಮ್ಮ, ಪಾಲಣ್ಣ, ಎಂಟರ್, ಒಂದೇ ಬೆಡಗು, ಕೂಡದು. ಅಯ್ಯೋ ಶಿವನೇ, ಮಗ ಬೆಳೆದು ನಿಂತ ಮೇಲೆ ಕೂಡದಂತೆ, ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆ, ಟೈಪಿಂಗ್ ಕಲಿಯುವ ಹುಡುಗಿ ಬಾಗಿಲಲ್ಲಿ ಇಣುಕಿ ಹೋದಳು, ಹೋಗಲಿ, ಮೂಡಲಗಿರಿಯಪ್ಪನವರನ್ನೇ ಕೇಳಬೇಕು, ಫೋನು, ಫೋನು ಎಲ್ಲಿ.

ಹಲೋ ಅಜ್ಜ, ನಾನು ರೂಪ, ಕೊಂಡ್ಲಹಳ್ಳಿ ಪಾಲಣ್ಣಂದು ಯಾವ ಬೆಡಗು — ಅತ್ತ ಕುರಿಗಳ ಸದ್ದು, ಕೆಮ್ಮು, ಪಾಲಣ್ಣನಾ, ಅವನು ಇಲ್ಲಟಂ ಬಂದೋನು ಕಣವ್ವ, ಪಾತಮ್ಮಂಗೆ ಅಣ್ಣತಮ್ಮ ಇರಲಿಲ್ಲ, ಅಳಿಯನ್ನೇ ಮನೇಗೆ ಕರ್ಕೊಂಡ್ರು, ಅವಂದು ಕಾರೆಮುಳ್ಳೋರ ಬೆಡಗು. ಮಕ್ಕಳದ್ದು ಯಾವುದು ಅಜ್ಜ? ಮಕ್ಕಳಿಗೆ ಅಪ್ಪನ ಬೆಡಗು, ಮನೆ ಯಾರದಾದ್ರೇನು. ಅಯ್ಯೋ ಅಜ್ಜ, ಅವತ್ತೇ ಹೇಳಬಾರದಿತ್ತಾ, ಹಟ್ಟೀಗೆಲ್ಲ ಗೊತ್ತಿರೋದನ್ನ ಏನು ಹೇಳೋದು ಅಂದರು, ಅದೂ ನಿಜ, ಹಟ್ಟಿಗೆಲ್ಲ ಗೊತ್ತಿರುವುದು ಕಂಪ್ಯೂಟರಿಗೊಂದು ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಹೊರಗಿನಿಂದ ಬರುವವಳು ಹೆಂಡತಿ ಒಬ್ಬಳೇ ಅಂದುಕೊಂಡು ಡಬ್ಬಿ ಜೋಡಿಸಿದ್ದೆ, ಗಂಡನೂ ಬರಬಹುದು ಅಂತ ಹೊಳೆಯಲೇ ಇಲ್ಲ. ಯಾಕವ್ವ ಕೇಳ್ದೆ ಅಂದರು ಮುದುಕ, ಪ್ರೋಗ್ರಾಂ ತಪ್ಪು ತೋರಿಸ್ತೈತೆ ಅಜ್ಜ ಅಂದೆ, ಮುದುಕ ದನಿ ತಗ್ಗಿಸಿದರು, ಪಾತಮ್ಮ ನಿಮ್ಮ ಬೆಡಗಿನ ಹೆಣ್ಣುಮಗಳಲ್ಲೇನವ್ವ, ನಿನಗೆ ಅತ್ತೆ ಆಗಬೇಕು ನೋಡು. ಫೋನು ಇಟ್ಟುಬಿಟ್ಟೆ. ಕಿವಿ ಬಿಸಿ. ಅತ್ತೆ ಅಂದರೆ, ಅತ್ತೆಯ ಮಗ ಅಂದರೆ —

ಮೊದಲು ಕೆಲಸ, ಕೆಲಸ, ಪಾಲಣ್ಣನ ಹೆಸರಿಗೆ ಅವನ ಸ್ವಂತ ಬೆಡಗು ಅಂಟಿಸು, ಪ್ರಶ್ನೆ ತಿದ್ದು, ನೇರ ಮೇಲಕ್ಕೆ ಹತ್ತಬೇಡ, ಮೊದಲು ಅವರವರ ಹೆಸರಿಗೇ ಬೆಡಗು ಅಂಟಿದೆಯಾ ನೋಡು, ಇಲ್ಲದಿದ್ದರೆ ಅಪ್ಪನ ಹೆಸರಿಗೆ ಅಂಟಿದೆಯಾ ನೋಡು, ಇದ್ದರೆ ಅದೇ, ಇಲ್ಲದಿದ್ದರೆ ಮಾತ್ರ ಮನೆ ದಾಟಿ ಮೇಲೆ ಹೋಗು, ಕೀಂಕೀಂಕೀಂ, ತಡಿಯೋ ಮಾರಾಯ, ಇನ್ನೊಂದೇ ಗಳಿಗೆ ಉಸಿರು ಹಿಡಿ, ಪಾತಮ್ಮ ಪಾಲಣ್ಣ, ಎಂಟರ್, ಬೇರೆ ಬೆಡಗು, ಆಗಬಹುದು, ಅಂತೂ ಸಂಸಾರ ಉಳಿಯಿತು, ಈಗ ರೂಪ, ಓಬಳೇಶ, ಎಂಟರ್ — ಬೇರೆ ಬೆಡಗು, ಆಗಬ — ಠಪ್, ಪರದೆ ಕಪ್ಪು, ಯುಪಿಎಸ್ ತಣ್ಣಗಾಯಿತು, ಸಾಯಲಿ, ಓದಿಯಾಯಿತಲ್ಲ, ತಿದ್ದಿದ್ದೂ ಸೇವ್ ಆಗಿದೆ, ಆಗಬಹುದು, ಆಗಬಹುದು, ಕೋಣೆಯ ಮೌನದಲ್ಲಿ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಅವನದೇ, ಒಂದು ಕೈಯಲ್ಲಿ ಬ್ಯಾಟರಿ ನೀರಿನ ಕ್ಯಾನು, ಏನು ಮೇಡಂ, ಕತ್ತಲಲ್ಲಿ ಒಬ್ಬರೇ ನಗ್ತಾ ಇದೀರಾ, ಇನ್ನೊಂದು ಕೈ ಆಗಲೇ ಜೇಬಿನಿಂದ ಹೊರಗೆ, ಕಿವಿಯ ಹತ್ತಿರ, ನನ್ನ ನಾಲಿಗೆ ಇಷ್ಟು ತಿಂಗಳು ಬಾಯೊಳಗೆ ಕಟ್ಟಿಟ್ಟಿದ್ದನ್ನು ನನ್ನನ್ನು ಕೇಳದೆಯೇ ಅಂದುಬಿಟ್ಟಿತು, ಬ್ಯಾಟರಿ ಸತ್ತೈತೆ ನೋಡು ಬಾವ. ಅಲ್ಲಾಡುತ್ತಿದ್ದ ಕೈ ನಿಂತಿತು, ಕಿವಿಯ ಹತ್ತಿರ ಕೈ, ಕೈಯೊಳಗೆ ಕಾಯಿ, ಕಾಯೊಳಗೆ ಬೀಜ —