ತಿಂದಿಲ್ಲ

ಅಜ್ಜಿಯ ಎದೆ ಧಸಕ್ಕೆಂದದ್ದು ನರ್ಸ್ ಕೇಳಿದ ಪ್ರಶ್ನೆಗಲ್ಲ, ಸೊಸೆ ಕೊಟ್ಟ ಉತ್ತರಕ್ಕೆ.

"ಮಗು ಏನಾದ್ರೂ ತಿಂದಿದ್ಯಾ?" ಅಂದಳು ನರ್ಸ್.

"ಇಲ್ಲ, ಏನೂ ತಿಂದಿಲ್ಲ" ಅಂದಳು ಸೊಸೆ. ನರ್ಸ್ ಪುಟ್ಟಿಯ ಮಣಿಕಟ್ಟಿಗೆ ಹೆಸರಿನ ಪಟ್ಟಿ ಕಟ್ಟಿ ಹೊರಟುಹೋದಳು.

ಸೊಸೆ ಹೇಳಿದ್ದು ಸುಳ್ಳೇನಲ್ಲ. ಪುಟ್ಟಿ ತಿಂದಿರಲಿಲ್ಲ, ಕುಡಿದಿದ್ದಳು. ಬೆಳಗಿನ ಜಾವ ಮಗು ಹಸಿವು ಅಂತ ರಚ್ಚೆ ಹಿಡಿದಾಗ, ವಾರ್ಡಿನವರೆಲ್ಲ ಎದ್ದು ಕೂರುತ್ತಾರೆ ಅಂತ ಅಜ್ಜಿ ಫ್ಲಾಸ್ಕಿನಿಂದ ಅರ್ಧ ಲೋಟ ಹಾಲು ಬಗ್ಗಿಸಿ ಕುಡಿಸಿದ್ದಳು. ರಾತ್ರಿಯಿಂದ ಏನೂ ತಿನ್ನಿಸಬೇಡಿ ಅಂದಿದ್ದರು, ಅವಳು ತಿನ್ನಿಸಿರಲಿಲ್ಲ. ಹೊಟ್ಟೆ ತುಂಬ ಹಾಲು ಕುಡಿದವರೂ 'ಬೆಳಗ್ಗೆಯಿಂದ ಏನೂ ತಿಂದಿಲ್ಲ' ಅಂತ ಗೊಣಗುವ ಮನೆ ಅದು. ಅಲ್ಲಿ ಹಾಲು ಯಾವತ್ತೂ ತಿಂಡಿಯ ಲೆಕ್ಕಕ್ಕೆ ಬಂದದ್ದಿಲ್ಲ.

ಪುಟ್ಟಿಯ ಹೃದಯದ ಹತ್ತಿರ ಒಂದು ಸಣ್ಣ ನಾಳವಿತ್ತು. ತಾಯಿಯ ಹೊಟ್ಟೆಯಲ್ಲಿರುವಾಗ ಎಲ್ಲ ಮಕ್ಕಳಿಗೂ ಬೇಕಾದದ್ದು, ಹುಟ್ಟಿದ ಮೇಲೆ ತಾನಾಗಿ ಮುಚ್ಚಿಕೊಳ್ಳಬೇಕಾದದ್ದು, ಇವಳಲ್ಲಿ ತೆರೆದೇ ಉಳಿದಿತ್ತು. ಅದರಿಂದ ಶ್ವಾಸಕೋಶಕ್ಕೆ ಬೇಡದಷ್ಟು ರಕ್ತ ನುಗ್ಗಿ, ಹುಡುಗಿ ಸ್ವಲ್ಪ ಓಡಿದರೂ ಏದುಸಿರು ಬಿಡುತ್ತಿದ್ದಳು. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಎದೆ ಕೊಯ್ಯುವುದೇನೂ ಬೇಡ, ತೊಡೆಯ ರಕ್ತನಾಳದಿಂದ ತೆಳ್ಳನೆಯ ಕೊಳವೆ ತೂರಿಸಿ ಆ ನಾಳಕ್ಕೊಂದು ಪುಟ್ಟ ಬಿರಡೆ ಕೂರಿಸುತ್ತೇವೆ ಅಂತ ಡಾಕ್ಟರು ಹೇಳಿದ್ದರು. ಒಮ್ಮೆ ನೆಗಡಿ, ಇನ್ನೊಮ್ಮೆ ಜ್ವರ ಅಂತ ತಾರೀಕು ತಪ್ಪಿತ್ತು. ಈ ಸಲ ತನ್ನಿಂದಲೇ ತಪ್ಪಿದರೆ ಸೊಸೆ ತನ್ನ ಮುಖ ನೋಡುವುದಿಲ್ಲ ಅಂತ ಅಜ್ಜಿಗೆ ಗೊತ್ತಿತ್ತು.

ಅಷ್ಟರಲ್ಲಿ ಪಕ್ಕದ ಹಾಸಿಗೆಯ ತಾಯಿ ತನ್ನ ಗಂಡನಿಗೆ ಹೇಳುವುದು ಕಿವಿಗೆ ಬಿತ್ತು. "ಹೊಟ್ಟೇಲಿ ಏನಾದ್ರೂ ಇದ್ರೆ, ನಿದ್ದೆ ಮದ್ದು ಕೊಟ್ಟಾಗ ವಾಂತಿಯಾಗಿ ಉಸಿರಿನ ದಾರಿಗೇ ಇಳಿಯುತ್ತಂತೆ ರೀ. ಜೀವಕ್ಕೇ ಅಪಾಯವಂತೆ."

ಅಜ್ಜಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿಗೆ ಹೋದಳು, ಬಂದಳು, ಮತ್ತೆ ಹೋದಳು. ಫ್ಲಾಸ್ಕನ್ನು ಕಾಲಿನಿಂದ ಮಂಚದ ಕೆಳಗೆ ತಳ್ಳಿದಳು. ಅರ್ಧ ಲೋಟ ಏನು ಮಹಾ, ಇಷ್ಟೊತ್ತಿಗೆ ಅರಗಿರುತ್ತೆ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೇಳಿದವಳೂ ಅವಳೇ, ನಂಬದವಳೂ ಅವಳೇ.

"ಅಮ್ಮ, ಒಂದು ಕಡೆ ಕೂತ್ಕೋ. ನಿನ್ನ ನೋಡಿ ನಂಗೆ ತಲೆ ತಿರುಗ್ತಿದೆ" ಅಂದ ಮಗ.

ತಳ್ಳುಮಂಚ ಬಂತು. ಪುಟ್ಟಿಯನ್ನು ಮಲಗಿಸಿಕೊಂಡು ಹೊರಟಿತು. ಎಲ್ಲರೂ ಹಿಂದೆ ನಡೆದರು. ಒಳಗಿನ ಬಾಗಿಲು ತೆರೆಯುತ್ತಲೇ ಅಜ್ಜಿ ಮಂಚದ ಸರಳನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟಳು.

"ಬಿಡಿ ಅಜ್ಜಿ, ಏನೂ ಆಗಲ್ಲ" ಅಂದರು ಅರಿವಳಿಕೆ ಕೊಡುವ ಡಾಕ್ಟರಮ್ಮ.

"ತಿಂದಿಲ್ಲ, ನಿಜ ತಾಯಿ. ಆದ್ರೆ ಹಾಲು ಕುಡಿದಿದ್ದಾಳೆ. ನಾನೇ ಕುಡಿಸಿದೆ."

ಡಾಕ್ಟರಮ್ಮ ಬೈಯಲಿಲ್ಲ. ಎಷ್ಟು, ಎಷ್ಟೊತ್ತಿಗೆ ಅಂತ ಕೇಳಿ, "ಈಗಲಾದ್ರೂ ಹೇಳಿದ್ರಲ್ಲ, ಬದುಕಿದ್ವಿ. ಇವಳನ್ನ ಇವತ್ತೇ, ಎಲ್ಲರಿಗಿಂತ ಕೊನೆಗೆ ತಗೋತೀವಿ" ಅಂದರು. ಬೈಯುವ ಕೆಲಸವನ್ನು ಮಗ ವಹಿಸಿಕೊಂಡ. ಹೋಗಿಬರುವವರೆಲ್ಲ ತಿರುಗಿ ನೋಡುವ ಹಾಗೆ ಬೈದ. ಸೊಸೆ ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಇವಳೂ ನಾಲ್ಕು ಮಾತು ಅಂದಿದ್ದರೆ ವಾಸಿಯಿತ್ತು ಅನ್ನಿಸಿತು ಅಜ್ಜಿಗೆ.

ಮಧ್ಯಾಹ್ನದ ತನಕ ಪುಟ್ಟಿ ಹಸಿವು, ಹಸಿವು ಅಂತ ಮೂವರ ಜೀವವನ್ನೂ ಹಿಂಡಿದಳು. ಆಮೇಲೆ ಮಂಚ ಮತ್ತೆ ಬಂತು, ಮಗು ಒಳಗೆ ಹೋಯಿತು, ಬಾಗಿಲು ಮುಚ್ಚಿತು. ಮಗ ನಿಲ್ಲಲಾರದೆ ಗೇಟಿನ ಕಡೆ ಹೋದ. ಬೆಂಚಿನ ಮೇಲೆ ಅತ್ತೆ, ಸೊಸೆ ಇಬ್ಬರೇ ಉಳಿದರು.

"ಅತ್ತೆ, ನಾನೂ ಎಚ್ಚರವಾಗೇ ಇದ್ದೆ" ಅಂದಳು ಸೊಸೆ, ನೆಲ ನೋಡುತ್ತ.

"ಯಾವಾಗ?"

"ನೀವು ಹಾಲು ಬಗ್ಗಿಸಿದ್ದು ಕೇಳಿಸ್ತು. ಬೇಡ ಅನ್ನಬೇಕಿತ್ತು. ಸದ್ಯ ಅಳು ನಿಂತಿತಲ್ಲ ಅಂತ ಕಣ್ಣು ಮುಚ್ಕೊಂಡೆ. ಆಮೇಲೆ ನರ್ಸ್ ಕೇಳಿದಾಗ, ಇವತ್ತೂ ತಪ್ಪಿಹೋಗುತ್ತಲ್ಲ ಅಂತ ಭಯ ಆಯ್ತು. ತಿಂದಿಲ್ಲ ಅಂದೆ. ಆ ಮಾತನ್ನ ಹುಡುಕಿಕೊಂಡು ಹೇಳಿದೆ ಅತ್ತೆ."

ಅಜ್ಜಿಗೆ ಮೈಯೆಲ್ಲ ಉರಿದುಹೋಯಿತು. ಬೆಳಗ್ಗೆಯಿಂದ ನಾಲ್ಕು ಜನರ ಎದುರು ಬೈಸಿಕೊಂಡವಳು ತಾನೊಬ್ಬಳೇ. ಬಾಯಿಗೆ ಬಂದದ್ದನ್ನು ಅಂದೂ ಬಿಡುತ್ತಿದ್ದಳು, ಆದರೆ ಸೊಸೆಯ ಕೈಗಳು ಕಣ್ಣಿಗೆ ಬಿದ್ದವು. ಮಗುವಿನ ಕಾಲುಚೀಲಗಳನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದವು. ಅಜ್ಜಿ ಒಂದು ಕಾಲುಚೀಲ ತೆಗೆದುಕೊಂಡು ತಾನೂ ಮಡಿಸತೊಡಗಿದಳು.

ಕಡೆಗೂ ಬಾಗಿಲು ತೆರೆಯಿತು. "ಬಿರಡೆ ಸರಿಯಾಗಿ ಕೂತಿದೆ, ಸೋರ್ತಿಲ್ಲ" ಅಂದರು ಹೃದಯದ ಡಾಕ್ಟರು. "ಇನ್ನು ನಿಮ್ಮ ಮೊಮ್ಮಗಳ ಹಿಂದೆ ಓಡೋದಕ್ಕೆ ನೀವು ರೆಡಿಯಾಗಿ ಅಜ್ಜಿ."

ಸೊಸೆ ಗೊಳೋ ಎಂದು ಅತ್ತುಬಿಟ್ಟಳು. ಗೇಟಿನಿಂದ ಓಡಿಬಂದ ಮಗನೂ ಕಣ್ಣೊರೆಸಿಕೊಂಡ. ಒರೆಸಿಕೊಂಡಾದ ಮೇಲೆ ಅವನಿಗೆ ಸಿಟ್ಟು ನೆನಪಾಯಿತು.

"ಅಲ್ಲ ಕಣೇ, ಮಗು ಪಕ್ಕದಲ್ಲೇ ಮಲಗಿದ್ದೆಯಲ್ಲ. ನಿನಗಾದ್ರೂ ಗೊತ್ತಾಗಲಿಲ್ವಾ?" ಅಂದ ಹೆಂಡತಿಗೆ.

ಸೊಸೆ ತಲೆಯೆತ್ತಿ ಬಾಯಿ ತೆರೆದಳು.

"ಅವಳಿಗೆಲ್ಲಿ ಗೊತ್ತಾಗಬೇಕು?" ಅಂತ ಅಜ್ಜಿ ಮಧ್ಯೆ ಬಾಯಿ ಹಾಕಿದಳು. "ಗೊರಕೆ ಹೊಡೀತಿದ್ಲು ಕಣೋ."