ಎಲೀಸಾ ಸೀಳಿದ ತೊಗಲು

ಟ್ಯೂನಿಸ್ಸಿನ ಚಪ್ಪಲಿ ಬೀದಿಯಲ್ಲಿ ಹಮಾದಿಯ ಅಂಗಡಿ ಯಾರಿಗೆ ಗೊತ್ತಿಲ್ಲ? ಅದರ ಮೇಲಿನ ಕೋಣೆಯಲ್ಲಿ ಅವನ ಮಗಳು ಎಮ್ನಾ ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬರೆಯುತ್ತಾಳೆಂಬುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಕೇಳಿದವರಿಗೆಲ್ಲ ಹಮಾದಿ, ಮಗಳಿಗೆ ಇನ್ನೂ ಕೆಲಸ ಸಿಕ್ಕಿಲ್ಲ ಅನ್ನುತ್ತಿದ್ದ. ಎಮ್ನಾಳಿಗೆ ಇದರಿಂದ ನೋವಾಗುತ್ತಿತ್ತು. ಒಂದೇ ಒಂದು ಸಲ ಅಪ್ಪ ಈ ಚಿತ್ರ ಬರೆಯುವುದನ್ನು ಕೆಲಸ ಅಂದರೆ ಸಾಕಿತ್ತು ಅವಳಿಗೆ.

ಈಗ ಮಕ್ಕಳ ಪುಸ್ತಕವೊಂದಕ್ಕೆ ಅವಳು ಬರೆಯುತ್ತಿದ್ದುದು ಎಲೀಸಾ ರಾಣಿಯನ್ನು. ಒಂದು ಎತ್ತಿನ ತೊಗಲು ಹಿಡಿಯುವಷ್ಟು ನೆಲ ತಗೋ ಎಂದ ಅರಸನ ಮುಂದೆ, ಅದೇ ತೊಗಲನ್ನು ದಾರದಂತೆ ಸೀಳಿ, ಇಡೀ ಗುಡ್ಡ ಸುತ್ತಿ, ಕಾರ್ಥೇಜ್ ಕಟ್ಟಿದ ಗಟ್ಟಿಗಿತ್ತಿ. ಎಮ್ನಾ ಮೊದಲು ಬೂದು ಬಣ್ಣದಲ್ಲೇ ನೆರಳು ಬೆಳಕು ಹಾಕಿಕೊಂಡಳು. ಅದರ ಮೇಲೊಂದು ಪದರದಲ್ಲಿ ಸಮುದ್ರ, ಇನ್ನೊಂದರಲ್ಲಿ ರಾಣಿ. ಮೂಗನ್ನು ಎದುರುಮನೆಯಾಕೆಯಿಂದ, ಅವಳಿಗೆ ಹೇಳದೆಯೇ, ಕಡ ತಂದಿದ್ದಳು. ತೊಗಲು ಸೀಳುವ ಕೈ ಮಾತ್ರ ಎಷ್ಟು ತಿದ್ದಿದರೂ ರೊಟ್ಟಿ ಮುರಿಯುವ ಕೈಯಾಗಿಬಿಡುತ್ತಿತ್ತು. ಕೊನೆಗೆ ತೊಗಲು ಕೊಯ್ಯುವ ರಂಪಿಗೆಯ ಸಮೇತ ಅಪ್ಪನನ್ನೇ ಮೇಲೆ ಕರೆದಳು.

"ರಾಣಿಗೆ ನನ್ನ ಕೈಯಾ? ಪಾಪ, ಯಾರು ಮದ್ವೆ ಆಗ್ತಾರೆ ಅವಳ್ನ?" ಎಂದು ಗೊಣಗಿದರೂ ಹಮಾದಿ ಕೈಯನ್ನು ಬೆಳಕಿಗೆ ಹಿಡಿದು ಠೀವಿಯಿಂದಲೇ ಕೂತ. ಸ್ವಲ್ಪ ಹೊತ್ತಿಗೆ ಪರದೆಯತ್ತ ಬಗ್ಗಿ ನೋಡಿದವನ ಹುಬ್ಬು ಮೇಲೇರಿತು. ಅಲ್ಲಿ ರಾಣಿ ತೊಗಲನ್ನು ಉದ್ದುದ್ದ ಪಟ್ಟಿಗಳಾಗಿ ಕತ್ತರಿಸಿ, ಒಂದಕ್ಕೊಂದು ಗಂಟು ಹಾಕುತ್ತಿದ್ದಳು.

"ಚಪ್ಪಲಿ ಹೊಲಿಯೋನ ಮಗಳು ಬರೆದಿದ್ದಾ ಇದು? ಇಷ್ಟು ಗಂಟು ಹಾಕಿದ್ರೆ ಅರ್ಧ ಗುಡ್ಡ ಗಂಟಿಗೇ ಹೋಯ್ತಲ್ಲೇ. ಅಂಚಿಂದ ಶುರು ಮಾಡಿ ಸುತ್ತಾ ಸುತ್ತಾ ಒಳಗೆ ಬರ್ಬೇಕು. ಒಂದೇ ಎಳೆ."

ಎಮ್ನಾಳಿಗೆ ನಾಚಿಕೆಯಾಯಿತು. ಹಳೆಯ ನಾಣ್ಯ, ಹಡಗು, ಉಡುಪು ಎಂದು ಮೂರು ವಾರ ಲೋಕವೆಲ್ಲ ಜಾಲಾಡಿದವಳು ಕೆಳಗಿನ ಅಂಗಡಿಗೆ ಇಳಿದು ನೋಡಿರಲಿಲ್ಲ. ಪಟ್ಟಿಗಳ ಪದರವನ್ನು ಅಳಿಸಿ, ಅಲ್ಲಿ ಇಡೀ ತೊಗಲೊಂದನ್ನು ಬರೆದು, ಪರದೆಯ ಮೇಲೆ ಗೀಚುವ ಪೆನ್ನನ್ನು ಅಪ್ಪನ ಕೈಗೇ ಕೊಟ್ಟಳು. ತಪ್ಪಾದರೆ ಹಿಂದಕ್ಕೆ ಹೋಗಬಹುದೆಂದು ಗುಂಡಿ ತೋರಿಸಿದಳು. ತೊಗಲಿಗೆ ಅಂಥ ಗುಂಡಿ ಇಲ್ಲ ಎಂದು ಅವನು ಅತ್ತ ನೋಡಲೂ ಇಲ್ಲ. ಉಸಿರು ಬಿಗಿಹಿಡಿದು ಅಂಚಿನಿಂದ ನಡುವಿನವರೆಗೆ ಸುತ್ತಾ ಸುತ್ತಾ, ಕೈಯೆತ್ತದೆ, ಒಂದೇ ಗೆರೆ ಎಳೆದ. ವಯಸ್ಸಾದ ಕೈ, ಗೆರೆ ಅಲ್ಲಲ್ಲಿ ನಡುಗಿತ್ತು. ಒಂದು ಒತ್ತಿಗೆ ಅದನ್ನು ನಯ ಮಾಡಬಹುದಿತ್ತು. ಎಮ್ನಾ ಮಾಡಲಿಲ್ಲ.

ಆ ಎಳೆಯ ಬುಡಕ್ಕೆ ನೆರಳು ಬೇಡವೇ ಎಂದು ಹಮಾದಿ ಮತ್ತೆ ಬಗ್ಗುವಷ್ಟರಲ್ಲಿ ಕೆಳಗೆ ಗಿರಾಕಿಯೊಬ್ಬ ಬಾಗಿಲು ಬಡಿದು, ಮದುವೆಯ ಚಪ್ಪಲಿ ಎಲ್ಲಿ ಎಂದು ಕೂಗಿದ. ಹಮಾದಿ ಪೆನ್ನು ಬಿಡದೆ ಕಿಟಕಿಯಿಂದ ತಲೆಯಷ್ಟೇ ಹೊರಗೆ ಹಾಕಿದ.

"ಸ್ವಲ್ಪ ಕೂತ್ಕೊಳ್ಳಪ್ಪಾ. ನಾನೂ ನನ್ನ ಮಗಳೂ ಕೆಲಸದಲ್ಲಿದೀವಿ."