ವಂಚಿದ ಕೊಂಬೆ

ಗಿಡ ಕಟ್ಟೋಕೆ ಗೋಡೆಗೆ ಬಿಗಿದ ತಂತಿ ಆಗಲೇ ಬಿಸಿಯಾಗೈತೆ, ಇನ್ನೂ ಬೆಳಗಿನ ತಿಂಡಿನೇ ಆಗಿಲ್ಲ, ಗೋಡೆಗೆ ಅಂಗೈ ಇಟ್ರೆ ರೊಟ್ಟಿ ಹೆಂಚು ಮುಟ್ಟಿದಂಗೆ, ಈ ಬಂಡೆಗಳ ಬುಡದಾಗಿರೋ ಊರಲ್ಲಿ ನಿನಗೆ ಚಳಿ ಎಲ್ಲಿಂದ ತರ್ಲಿ ಹೇಳು — ಯಾರನ್ನ ಕೇಳ್ತಿದೀನಿ, ಗಿಡನ್ನಾ, ಸರಿ ಹೋಯ್ತು — ಜರ್ದಾಳು ಗಿಡ, ಅದೇ ಏಪ್ರಿಕಾಟ್ ಹಣ್ಣಿಂದು, ಹಿಮ ಬೀಳೋ ಸೀಮೆಯದು, ಅದನ್ನ ತಂದು ರಾಯದುರ್ಗದ ಹಿತ್ತಲಲ್ಲಿ ಗೋಡೆಗೆ ಒತ್ತಿ ನಿಲ್ಲಿಸಿದೀವಿ, ಬೀಸಣಿಗೆ ಬಿಚ್ಚಿಟ್ಟಂಗೆ ಆ ಕಡೆ ಈ ಕಡೆ ಕೊಂಬೆ, ಮುಂದಕ್ಕೆ ಮಾತ್ರ ಒಂದು ಗೇಣೂ ಬರಕೂಡದು, ಬಂದ್ರೆ ಮಗಳು ನಾಗವೇಣಿ ಸ್ಕೂಟಿ ಆಚೆ ಹೋಗಲ್ಲ, ಹಿತ್ತಲು ಅಂದ್ರೆ ಒಂದು ಮಂಚ ಹಾಕೋವಷ್ಟು ಜಾಗ, ಆ ಮಂಚದ ಮೇಲೆ ಅತ್ತೆ ಕೂತಿದಾಳೆ, ಕೂತು ನನ್ನೇ ನೋಡ್ತಿದಾಳೆ. ಬಚ್ಚಲಲ್ಲಿ ನೀರಿನ ಸದ್ದು. ನನ್ನ ಮಗಳು ಸ್ನಾನಕ್ಕೆ ಹೋದ್ರೆ ಡ್ರಮ್ಮು ಖಾಲಿ ಮಾಡ್ದೆ ಬರೋಳಲ್ಲ, ಇವತ್ತು ಖಾಲಿ ಮಾಡ್ಲಿ ಪುಣ್ಯಾತ್ಗಿತ್ತಿ, ಪೂರ್ತಿ ಖಾಲಿ ಮಾಡ್ಲಿ, ಆ ಸದ್ದು ನಿಂತ ತಕ್ಷಣ ಆಚೆ ಬಂದು ಕೇಳೋದು ಒಂದೇ ಮಾತು, ಬೊಮ್ಮನಹಾಳದೋರು ಏನಂದ್ರಮ್ಮ.

ಏನಂದ್ರು, ಬೇಡ ಅಂದ್ರು, ಮೈಲಾರಮ್ಮ, ಹುಡುಗನ ತಾಯಿ, ಫೋನಲ್ಲಿ ಎಷ್ಟು ಮೆತ್ತಗೆ ಅಂದ್ಳು, ನಿಮ್ಮ ಹುಡುಗಿ ನಮಗ ಭಾಳ ಹಿಡಿಸ್ಯಾಳ್ರಿ, ಆದ್ರ ಆ ಕಟಿಂಗ್ ಮಾಸ್ಟರ್ ಕೆಲಸ ನಮ್ಮ ಮನೀಗೆ ಒಗ್ಗಂಗಿಲ್ರಿ, ಗಂಡಸರ ನಡುವ ನಿಂತು ಪ್ಯಾಂಟು ಕತ್ತರಿಸೋದು ನೋಡಿದೋರು ಏನಂತಾರ್ರಿ, ನಮಗ ಕಾಲುವೆ ನೀರಿನ ಗದ್ದೆ ಐತಿ, ಆಕಿ ದುಡಿಯೋದು ಬ್ಯಾಡ್ರಿ, ಆರಾಮ ಇರ್ಲಿ. ಆರಾಮ. ಇವಳ ಕಾರ್ಖಾನೇಲಿ ಹಾಸಿದ ಜೀನ್ಸ್ ಬಟ್ಟೆ ಒಂದರ ಮೇಲೊಂದು ದಿಂಡಾಗಿ ಟೇಬಲ್ ಮೇಲೆ ಬಿದ್ದಿರ್ತೈತೆ, ಅದರ ಮೇಲೆ ಚಾಕ್‌ಪೀಸಿನ ಗೆರೆ, ಆ ಗೆರೆ ಮೇಲೆ ಇವಳು ಕಟಿಂಗ್ ಮಿಷನ್ ಓಡಿಸಿದ್ರೆ ಉಸಿರು ಹಿಡ್ಕಂಡು ನೋಡಬೇಕು ಅನ್ಸುತ್ತೆ, ನಾನು ಒಂದ್ಸಲ ಊಟದ ಡಬ್ಬಿ ಕೊಡೋಕೆ ಹೋದೋಳು ಬಾಗಿಲಲ್ಲೇ ನಿಂತುಬಿಟ್ಟೆ, ಈ ಊರಲ್ಲಿ ಹೊಲಿಯೋರೆಲ್ಲ ಹೆಂಗಸರು, ಕತ್ತರಿಸೋರೆಲ್ಲ ಗಂಡಸರು, ನಡುವೆ ಇದೊಂದು ನಮ್ಮದು ತಲೆಗೆ ಕರ್ಚೀಫು ಕಟ್ಕಂಡು ನಿಂತೈತೆ, ಎಷ್ಟು ಹೆಮ್ಮೆ ಆಯ್ತು ಅಂದ್ರೆ ಡಬ್ಬಿ ಕೊಡೋದೇ ಮರೆತು ವಾಪಸ್ ತಂದೆ. ಹುಡುಗನ್ನ ಅವಳೂ ಒಪ್ಪಿದಾಳೆ, ಅದೇ ಕಷ್ಟ, ಇಬ್ಬರೂ ಫೋನಲ್ಲಿ ಮಾತಾಡ್ತಾರೆ, ನಗ್ತಾಳೆ, ನನಗೇನು ಕಿವಿ ಇಲ್ವಾ, ನನ್ನ ಕೆಲಸಕ್ಕೆ ಅವರು ಹೂಂ ಅಂದ್ರೆ ನನ್ನದೂ ಹೂಂ ಅಮ್ಮ, ಹುಡುಗನೇನೋ ಹೂಂ ಅಂತಾನೆ ಆದ್ರೆ ಅವರಮ್ಮನ ಬಾಯಲ್ಲಿ ಬರಬೇಕು, ಇಲ್ಲಾಂದ್ರೆ ಬ್ಯಾಡ, ಅಷ್ಟೇ ಅವಳು ಹೇಳಿರೋದು, ಅಷ್ಟು ಚೊಕ್ಕವಾಗಿ. ಅತ್ತೆ ಮಂಚದ ಮೇಲಿಂದ, ಚಂದ್ರಕಲಾ, ಇಂಥಾ ಸಂಬಂಧ ಮತ್ತ ಬರಂಗಿಲ್ಲವ್ವ, ಒಪ್ಯಾರ ಅಂತ ಹೇಳಿಬಿಡು, ಮದುವಿ ಆದ ಮ್ಯಾಲ ತಾನೇ ಹೊಂದಿಕೊಂತಾಳ, ನೀನು ಸ್ವಲ್ಪ ವಂಚು.

ವಂಚು. ಈ ಮಾತು ಕೇಳಿ ನಗಬೇಕಾ ಅಳಬೇಕಾ ಗೊತ್ತಾಗ್ತಿಲ್ಲ. ಮಡಕಶಿರಾ ಕಡೆಯಿಂದ ಹೊಸದಾಗಿ ಈ ಮನೆಗೆ ಬಂದಿದ್ದೆ, ನಮ್ಮೂರು ಶಿರಾ ಮಗ್ಗುಲಿಗೆ, ನನ್ನ ತೆಲುಗು ಅಂಗಡಿ ಬೀದಿ ತೆಲುಗು, ಅಷ್ಟಕ್ಕಷ್ಟೇ, ಅತ್ತೆ ಹುಟ್ಟಿದ್ದು ಕಲ್ಯಾಣದುರ್ಗದ ಕಡೆ, ಕನ್ನಡ ಮಾತಾಡ್ತಾನೇ ನಡುವೆ ತೆಲುಗಿಗೆ ಜಾರ್ತಾಳೆ, ನಮ್ಮೆಜಮಾನ್ರು ಕಲ್ಲೇಶಪ್ಪನೋರ ಅಂಗಡಿಗೆ ಬಂದ ಜರ್ದಾಳು ತಿಂದು ಬೀಜ ಒದ್ದೆ ಬಟ್ಟೆಲಿ ಸುತ್ತಿ ಅಂಗಡಿ ಫ್ರಿಜ್ಜಲ್ಲಿ ಇಟ್ಟೋಳು ಅವಳೇ, ಸೋಡಾ ಬಾಟಲಿ ಹಿಂದೆ, ಚಳಿ ತಾಗಿದ್ರೆ ಮೊಳಕೆ ಬರ್ತದಂತ, ಬಂತೂ ಬಂತು. ಗಿಡ ಸೊಂಟದುದ್ದ ಆದಾಗ ನನ್ನ ಕರೆದು ಕೊಂಬೆ ತೋರಿಸಿ ಇದನ್ನ ಗೋಡಿಗೆ ವಂಚವ್ವ ಅಂದ್ಳು, ನಾನು ಕೊಂಬೆ ಹಿಡ್ಕಂಡು ನಿಂತೆ, ಗಿಡಕ್ಕೆ ಎಂಗೆ ವಂಚನೆ ಮಾಡೋದು ಅತ್ತೆ, ಮೋಸ ಮಾಡಿದ್ರೆ ಪಾಪ ಬರಲ್ವಾ, ಅಂದಿದ್ದೇ ತಡ, ಅತ್ತೆ ನಕ್ಕಳು ನೋಡು, ಕಣ್ಣಲ್ಲಿ ನೀರು ಬರೋ ತನಕ ನಕ್ಕಳು, ವಂಚು ಅಂದ್ರೆ ತೆಲುಗುನಾಗ ಬಗ್ಗಿಸು ಅಂತ ಕಣವ್ವ, ಓಣಿಗೆಲ್ಲ ಹೇಳಿ ನಗಿಸಿದ್ಳು, ಈಗ್ಲೂ ನಮ್ಮನೇಲಿ ಕೊಂಬೆ ಬಗ್ಗಿಸೋಕೆ ವಂಚೋದು ಅಂತಾನೇ ಅನ್ನೋದು. ನೆಟ್ಟಗೆ ಹೋದದ್ದು ಬರೀ ಎಲಿ ಬಿಡ್ತದ, ವಂಚಿದ್ರ ಹೂ ಕಟ್ತದ, ಅಂತ ಕಲಿಸಿದ್ಳು, ಹಸಿ ಇರುವಾಗ್ಲೇ ಬಗ್ಗಿಸು, ಬಿಸಿಲೇರಿದಾಗ ಬಗ್ಗಿಸು, ಆಗ ಮೆತ್ತಗಿರ್ತದ, ಗಂಟು ಎಂಟರ ಅಂಕಿ ಥರ ಹಾಕು, ಕಲಿತೆ, ಎಲ್ಲಾ ಚೆನ್ನಾಗೇ ಕಲಿತೆ, ಆದ್ರೆ ಈ ಗಿಡ ಒಂದು ಹೂ ಬಿಟ್ಟಿಲ್ಲ, ಮಗಳು ದೊಡ್ಡವಳಾಗಿ ಮದುವೆಗೆ ಬಂದ್ಳು, ಇದು ಮಾತ್ರ ಎಲೆ ಬಿಡ್ತೈತೆ ಉದುರಿಸ್ತೈತೆ, ಎಷ್ಟು ಬಗ್ಗಿಸಿದ್ರೂ ಅದಕ್ಕೆ ಬೇಕಾದ ಚಳಿ ಇಲ್ಲಿಲ್ಲ, ಬೇಕಾದ್ದು ಕೊಡದೆ ಬಗ್ಗು ಅಂದ್ರೆ ಅದಾದ್ರೂ ಏನು ಮಾಡೀತು ಪಾಪ.

ಓದಿಸ್ತಾರಂತೆ ಕಣೆ, ಒಪ್ಕಳೆ ಕಂದ — ಇದು ನಮ್ಮಮ್ಮ, ನನಗೆ ಈ ಸಂಬಂಧ ಬಂದಾಗ, ಮಡಕಶಿರಾದಲ್ಲಿ, ಒಲೆ ಮುಂದೆ, ನನ್ನ ಮುಖ ನೋಡ್ದೆ ರಾಗಿ ಹಿಟ್ಟು ತಿರುವ್ತಾ, ಟೀಚರ್ ಟ್ರೈನಿಂಗಿಗೆ ಸೇರಿಸ್ತಾರಂತೆ ರಾಯದುರ್ಗದೋರು, ಅವರ ಬಾಯಿಂದಾನೇ ಬಂದೈತೆ. ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಕಾದೆ, ಶ್ರಾವಣ ಆಗ್ಲಿ, ಹಬ್ಬ ಆಗ್ಲಿ, ಒಂದಿನ ಧೈರ್ಯ ಮಾಡಿ ಅತ್ತೆನ ಕೇಳಿದ್ರೆ ಅವಳು ಕಣ್ಣು ಪಿಳಿಪಿಳಿ ಬಿಟ್ಳು, ಯಾವ ಟ್ರೈನಿಂಗವ್ವ, ಯಾರು ಹೇಳಿದ್ರು. ಇಷ್ಟು ವರ್ಷ ನಾನು ಅತ್ತೆನೇ ಸುಳ್ಳುಗಾತಿ ಅಂದ್ಕೊಂಡು ಒಳಗೊಳಗೇ ಉರ್ಕೊಂಡೆ, ಮಾತು ಕೊಟ್ಟು ತಪ್ಪಿದ್ಳು ಅಂತ, ಇವತ್ತು, ಈ ತಂತಿ ಹಿಡ್ಕಂಡು ನಿಂತ ಮೇಲೆ ಹೊಳೀತೈತೆ, ಅತ್ತೆ ಮಾತೇ ಕೊಟ್ಟಿರಲಿಲ್ಲ, ನಮ್ಮಮ್ಮನೇ — ಹಿಟ್ಟು ತಿರುವ್ತಾ — ಅಯ್ಯೋ ಅಮ್ಮ. ಕೋಪ ಬರ್ತೈತೆ, ಸತ್ತೋಳ ಮೇಲೆ ಕೋಪ ಮಾಡ್ಕೊಂಡು ಎಲ್ಲಿ ಇಡೋದು, ಅವಳೂ ಹಿಂಗೇ ನಿಂತಿದ್ದಳೇನೋ, ನಾನು ಯಾವಾಗ ಒಳಗೆ ಬರ್ತೀನೋ ಅಂತ ಬಾಗಿಲ ಕಡೆ ಕಿವಿ ಇಟ್ಕಂಡು.

ಗಿಡದ ಕೆಳಗಿನ ಮೊಣಕೈನಂಥ ತಿರುವಲ್ಲಿ ಅಂಟು ಸುರೀತೈತೆ, ಕಂದು ಬಣ್ಣ, ಎಲೆ ಸರಿಸಿದ್ರೆ ನಾನು ಮೊದಲನೇ ದಿನ ಬಗ್ಗಿಸಿದ್ದ ಕೊಂಬೆ, ಆಗ ಕಟ್ಟಿದ್ದು ಜೀನ್ಸ್ ಬಟ್ಟೆಯ ಅಂಚು, ಹೊಲಿಗೆಗೆ ಬಂದ ಬಟ್ಟೆ ಮೂಟೆಯಿಂದ ಕಿತ್ತಿದ್ದು, ಬೇರೆ ಕಟ್ಟುಗಳನ್ನೆಲ್ಲ ವರ್ಷಾ ವರ್ಷಾ ಸಡಿಲಿಸ್ತೀವಿ, ಇದು ಯಾರ ಕಣ್ಣಿಗೂ ಬಿದ್ದಿಲ್ಲ, ತೊಗಟೆ ಅದನ್ನ ನುಂಗಿ ಮೇಲೆ ಮುಚ್ಕಂಡೈತೆ, ಒಂದು ಚೂರು ತುದಿ ಮಾತ್ರ ಆಚೆ, ಬಿಸಿಲಿಗೆ ಬೆಳ್ಳಗಾಗಿ — ನೀರಿನ ಸದ್ದು ನಿಂತೈತೆ. ಚಿಲಕ. ನಾಗವೇಣಿ ತಲೆಗೆ ಟವೆಲ್ ಸುತ್ಕಂಡು ಬಂದ್ಳು, ಮುಖ ಅರಳೈತೆ, ಇಷ್ಟು ಚೆಂದ ಯಾವಾಗ ಆದ್ಳು ಇವಳು, ಅಮ್ಮ, ಒಪ್ಯಾರಂತಲ್ಲ, ಅಜ್ಜಿ ಬಚ್ಚಲ ಬಾಗಿಲಿಗೆ ಬಂದು ಹೇಳಿ ಹೋದ್ಳು, ಹೌದೇನಮ್ಮ. ಅತ್ತೆ, ನಾನು ಗಿಡದ ಕಡೆ ತಿರುಗಿದ್ದಾಗ ಯಾವಾಗ ಎದ್ದು ಹೋಗಿ ಬಂದ್ಳೋ, ಮತ್ತೆ ಮಂಚದ ಮೇಲೆ ಕೂತು ಸೆರಗಿಂದ ಬಾಯಿ ಒರೆಸ್ಕಂತಾಳೆ. ಹೂಂ ಅಂದ್ರೆ ಸಾಕು, ಒಂದಕ್ಷರ, ನಾನು ಸುಳ್ಳೂ ಹೇಳಬೇಕಾಗಿಲ್ಲ, ಸುಮ್ಮನಿದ್ರೂ ಆಗುತ್ತೆ, ರಾಗಿ ಹಿಟ್ಟು ತಿರುವ್ತಾ ಇದ್ರೂ ಆಗುತ್ತೆ, ಆ ನಗು ಹಂಗೇ ಉಳೀತೈತೆ ಮದುವೆ ಮುಗಿಯೋ ತನಕ, ಮದುವೆ ಮುಗಿದು ಶ್ರಾವಣ ಬರೋ ತನಕ. ಇಲ್ಲ ಕಣೆ, ಬೇಡ ಅಂದ್ರು. ನನ್ನ ದನಿನೇ ಅದು. ಅವಳ ಮುಖದ ಕಡೆ ನೋಡೋಕೆ ಆಗ್ತಿಲ್ಲ, ನೋಡ್ತೀನಿ, ನೋಡಲೇಬೇಕು, ನಮ್ಮಮ್ಮ ನನ್ನ ಕಡೆ ನೋಡಿರಲಿಲ್ಲ, ನಗು ನಿಧಾನಕ್ಕೆ ಹೋಗ್ತೈತೆ, ಟವೆಲ್ಲಿಂದ ನೀರು ಭುಜಕ್ಕೆ ಇಳೀತೈತೆ, ನನ್ನ ಬೆರಳು ಆ ಬಟ್ಟೆ ತುದಿನ ಎಳೀತಾನೇ ಐತೆ, ತೊಗಟೆ ಬಿರಿದು ಒಂದಿಷ್ಟು ಈಚೆ ಬಂತು, ಆಚೆ ಇದ್ದದ್ದು ಬೆಳ್ಳಗೆ, ಒಳಗಿದ್ದದ್ದು ನೀಲಿ, ಇವತ್ತು ಕತ್ತರಿಸಿದ ಹಾಗೆ ನೀಲಿ, ಗಂಟು ಇನ್ನೂ ಒಳಗೇ ಐತೆ, ನೀಲಿ